ಸ್ಟಿಯರಿಂಗ್ ಬಿಟ್ಟ ಮೇಲೆ

ಶಿಡ್ಲಘಟ್ಟ
22 ಡಿಸೆಂಬರ್ 2024

ಮಗಳು ಲುಬ್ನಾಳಿಗೆ ಅಬ್ಬಾನ ಸಲಾಂ. ಅಳಿಯ ಫಾಜಿಲ್‌ಗೂ ತಿಳಿಸು. ಮೊಮ್ಮಗಳು ಇಫ್ರಾಳ ಎರಡು ಕೆನ್ನೆಗೂ ನನ್ನ ಮುತ್ತು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲ ಅಂತ ಬೇಜಾರು ಮಾಡಿಕೊಂಡಿರುತ್ತೀಯ. ಬರೆಯಲು ಕೂತಾಗಲೆಲ್ಲ ಮೊದಲನೇ ಸಾಲಿನಲ್ಲೇ 'ನಾವೆಲ್ಲ ಚೆನ್ನಾಗಿದ್ದೇವೆ' ಅಂತ ಬರೆಯಬೇಕಲ್ಲ, ಅಲ್ಲೇ ಕೈ ನಿಂತುಬಿಡುತ್ತಿತ್ತು. ಫೋನ್ ಮಾಡಬಹುದಿತ್ತು ಅನ್ನುತ್ತೀಯ. ನಮ್ಮ ಮನೆ ನಿನಗೆ ಗೊತ್ತಿಲ್ಲವೇ, ಈ ಕೋಣೆಯಲ್ಲಿ ಕೆಮ್ಮಿದರೆ ಆ ಕೋಣೆಯಿಂದ ನೀರು ತರುತ್ತಾರೆ. ಮೊದಲಿನ ಹಾಗೆ ಕಾಗದವೇ ವಾಸಿ. ಗೌರಿಬಿದನೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ, ಅಲ್ಲಿ ಸ್ಟ್ಯಾಂಡಿನ ಎದುರಿನ ಹಣ್ಣಿನ ಅಂಗಡಿಯಲ್ಲಿ ಇಟ್ಟಿರುತ್ತಾನೆ. ಫಾಜಿಲ್ ಫ್ಯಾಕ್ಟರಿಯಿಂದ ಬರುವಾಗ ತೆಗೆದುಕೊಂಡು ಬರಲಿ. ಬಸ್ಸಿನ ಬೋರ್ಡು ಓದಿ ಓದಿ ಅಕ್ಷರ ಕಲಿತವನು ನಾನು. ನಿನ್ನ ಸ್ಕೂಲಿನ ಪುಸ್ತಕ ಓದಿ ವಾಕ್ಯ ಕಲಿತೆ. ತಪ್ಪಿದ್ದರೆ ತಿದ್ದಿಕೊಂಡು ಓದು, ಆದರೆ ನಗಬೇಡ.

ಸುದ್ದಿ ಏನೆಂದರೆ, ನಾನು ಬಸ್ಸಿನಿಂದ ಇಳಿದಿದ್ದೇನೆ. ಕೆಲಸ ಹೋಗಿಲ್ಲ, ಹೆದರಬೇಡ. ಅದೇ ಓನರು, ಅದೇ ಬಸ್ಸು, ಅದೇ ದಿಬ್ಬೂರಹಳ್ಳಿ ರೂಟು. ನಾನು ಮಾತ್ರ ಒಳಗಿದ್ದವನು ಹೊರಗೆ ಬಂದಿದ್ದೇನೆ. ಈ ತಿಂಗಳ ಮೊದಲ ವಾರದಿಂದ ಶಿಡ್ಲಘಟ್ಟ ಸ್ಟ್ಯಾಂಡಿನಲ್ಲಿ ಟೈಂ ಕೀಪರ್. ಜನರನ್ನು ಕೂಗಿ ಕರೆದು ಹತ್ತಿಸುವುದು, ಹೊತ್ತಿಗೆ ಸರಿಯಾಗಿ ಸೀಟಿ ಊದಿ ಬಸ್ಸು ಬಿಡಿಸುವುದು, ಇಷ್ಟೇ ಕೆಲಸ. ನನ್ನ ಸೀಟಿನಲ್ಲಿ ಯಾರು ಕೂತಿದ್ದಾರೆ ಅನ್ನುತ್ತೀಯ? ನಿನ್ನ ತಮ್ಮ ಕಾಮ್ರಾನ್. ನನ್ನ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದವನು ಈಗ ಡ್ರೈವರು.

ಹೇಗಾಯಿತು ಅಂತ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು.

ರಾಗಿ ಕೊಯ್ಲು ಶುರುವಾದರೆ ನಮ್ಮ ಕಡೆ ರಸ್ತೆ ಹೇಗಿರುತ್ತದೆ ಅಂತ ನಿನಗೆ ಗೊತ್ತು. ಕಣ ಮಾಡುವವರು ಈಗ ಯಾರೂ ಇಲ್ಲ, ಟಾರು ರೋಡೇ ಕಣ. ತೆನೆಯ ಸಮೇತ ಹುಲ್ಲು ಹರಡುತ್ತಾರೆ, ಬಸ್ಸು ಲಾರಿ ಅದರ ಮೇಲೆ ಹೋಗಿ ಕಾಳು ಬಿಡಿಸಬೇಕು. ಕಾರಿನವರು ಬೈದುಕೊಂಡು ಪಕ್ಕಕ್ಕೆ ಹೋಗುತ್ತಾರೆ. ನಾನು ಯಾವತ್ತೂ ಹಾಗೆ ಮಾಡಿದವನಲ್ಲ. ನಿಧಾನ ಮಾಡಿ, ಚಕ್ರ ಸರಿಯಾಗಿ ಹುಲ್ಲಿನ ಮೇಲೆ ಬರುವ ಹಾಗೆ ತುಳಿಸಿಕೊಂಡೇ ಹೋಗುತ್ತಿದ್ದೆ. ಕೆಲವರು "ಬಾಷಣ್ಣ, ಇನ್ನೊಂದು ಸಾರಿ" ಅಂತ ಕೈ ಎತ್ತಿದರೆ ಹಿಂದೆ ತಂದು ಮತ್ತೆ ತುಳಿಸಿದ್ದೂ ಉಂಟು. ಅವರ ರಾಗಿ ನಮ್ಮ ಮನೆಗೂ ಬಂದಿದೆ, ನೀನು ತಿಂದಿದ್ದೀಯ.

ನವೆಂಬರ್ ಕೊನೆಯಲ್ಲಿ ಒಂದು ದಿನ, ಸಂಜೆ ಹೊತ್ತು ಮುಳುಗುವ ಸಮಯ. ದಿಬ್ಬೂರಹಳ್ಳಿಗೆ ಮುಂಚೆ ಹುಣಸೇಮರದ ತಿರುವಿದೆಯಲ್ಲ, ಅಲ್ಲಿ ಬಯ್ಯಪ್ಪನ ಮನೆಯವರು ಹುಲ್ಲು ಹರಡಿದ್ದರು. ಎಂದಿನ ಹಾಗೆ ಮೇಲೆ ಹತ್ತಿಸಿದೆ. ಕಾಮ್ರಾನ್ ಬಾಗಿಲಲ್ಲಿ ನಿಂತಿದ್ದವನು ಸೀಟಿ ಊದಿದ, ಊದಿದವನು ನಿಲ್ಲಿಸಲೇ ಇಲ್ಲ. ಬ್ರೇಕ್ ಹಾಕಿದೆ. ಇಳಿದು ನೋಡಿದರೆ ಬಯ್ಯಪ್ಪನ ತಾಯಿ ಗಂಗುಲಮ್ಮ ಹುಲ್ಲಿನ ಅಂಚಿನಲ್ಲಿ ಕೂತು ತೆನೆ ಆರಿಸುತ್ತಿದ್ದಳು. ಚಕ್ರಕ್ಕೂ ಅವಳಿಗೂ ಒಂದು ಮೊಳ. ಪಕ್ಕದಲ್ಲಿ ಇಟ್ಟುಕೊಂಡಿದ್ದ ಮೊರ ಚಕ್ರದ ಕೆಳಗೆ ಹೋಗಿ ಹಪ್ಪಳವಾಗಿತ್ತು. ಅಷ್ಟೇ ಆದದ್ದು. ಹುಲ್ಲಿನ ಬಣ್ಣದ ಸೀರೆ ಉಟ್ಟುಕೊಂಡು ಹುಲ್ಲಿನಲ್ಲಿ ಕೂತರೆ ಯಾರಿಗೆ ತಾನೆ ಕಾಣುತ್ತದೆ, ನೀನೇ ಹೇಳು.

ಬಯ್ಯಪ್ಪ ಓಡಿ ಬಂದ. "ಕಣ್ಣು ಎಲ್ಲಿಟ್ಕಂಡು ಓಡಿಸ್ತೀಯಪ್ಪಾ? ಮನೇಲಿ ಬಿಟ್ಟು ಬಂದಿದ್ದೀಯಾ?" ಅಂದ. ನಾನೂ ಏನೋ ಅಂದೆ. ಬಸ್ಸಿನವರು ಇಳಿದು ಬಿಡಿಸಿದರು.

ಅದಾಗಿ ಒಂದು ವಾರಕ್ಕೆ ಓನರು ರಮೇಶ್‌ಬಾಬು ಕರೆದು ಕೂರಿಸಿ ಕಾಫಿ ತರಿಸಿದರು. ಅವರು ಕಾಫಿ ತರಿಸಿದರೆ ಏನೋ ಕಾದಿದೆ ಅಂತ ಅರ್ಥ.

"ಬಾಷಣ್ಣ, ಸ್ಟ್ಯಾಂಡಿಗೆ ನಂಬಿಕಸ್ಥ ಒಬ್ಬ ಬೇಕು. ನೀನೇ ನೋಡ್ಕೊ" ಅಂದರು.

"ನಾನು ಡ್ರೈವರ್ ಅಲ್ವಾ ಸ್ವಾಮಿ?"

"ಅಲ್ಲ ಅಂತ ಯಾರಂದ್ರು? ಇಷ್ಟು ವರ್ಷ ಎಳೆದಿದ್ದೀಯ, ಇನ್ನು ಸ್ವಲ್ಪ ಕಾಲು ಚಾಚು."

"ಹಗಲು ಟ್ರಿಪ್ಪಾದ್ರೂ ನಂಗೇ ಕೊಡಿ."

"ಬೆಳಿಗ್ಗೆ ಹೋದ ಬಸ್ಸು ಸಾಯಂಕಾಲ ವಾಪಸ್ ಬರಬೇಕಲ್ಲಪ್ಪ. ಮುಂಚಿನ ಥರ ಬಸ್ಸುಗಳಿದ್ದಿದ್ರೆ ಏನೋ ಒಂದು ಹೊಂದಿಸ್ತಿದ್ದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದ್ಮೇಲೆ ನಮ್ ಕಥೆ ನಿಂಗೇ ಗೊತ್ತು."

"ಯಾರಾದ್ರೂ ಬಂದು ಏನಾದ್ರೂ ಹೇಳಿದ್ರಾ?" ಅಂತ ಕೇಳಿದೆ.

ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. "ಕಾಫಿ ಆರೋಗುತ್ತೆ, ಕುಡಿ" ಅಂದರು.

ನನಗೆ ಗೊತ್ತಾಯಿತು. ಬಯ್ಯಪ್ಪನೇ ಹೋಗಿ ಚಾಡಿ ಹೇಳಿದ್ದಾನೆ. ಬೇರೆ ಯಾರು ಹೇಳುತ್ತಾರೆ? ಅವನ ರಾಗಿಯನ್ನು ಎಷ್ಟು ವರ್ಷ ತುಳಿಸಿಕೊಟ್ಟಿದ್ದೇನೆ, ಅದಕ್ಕೆ ಈ ಉಡುಗೊರೆ.

ನಿಮ್ಮ ಅಮ್ಮಿಗೆ ಸಂತೋಷ. ಶಹಜಾದಿ ಬೇಗಂ ಅಲ್ಲಾಹನಿಗೆ ಶುಕ್ರ್ ಹೇಳಿ, "ಇನ್ನಾದರೂ ಮಧ್ಯಾಹ್ನ ಬಿಸಿ ಊಟ ಮಾಡುತ್ತೀರಿ" ಅಂದಳು. ನನ್ನ ಸೀಟಿನ ದಿಂಬು ಕಾಮ್ರಾನ್‌ಗೆ ಕೊಡಲು ಹೋದೆ, ಸೊಂಟಕ್ಕೆ ಒಳ್ಳೆಯದು ಅಂತ. "ನಿಮ್ಮ ಹತ್ರಾನೇ ಇರಲಿ ಅಬ್ಬಾ" ಅಂದ. ಈಗಿನ ಹುಡುಗರಿಗೆ ಹಳೆಯದು ಬೇಡ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಕುಡುಮಲಕುಂಟೆ ಫ್ಯಾಕ್ಟರಿಗಳಿಗೆ ಕೆಲಸದವರನ್ನು ಕರೆದುಕೊಂಡು ಹೋಗುವ ಬಸ್ಸುಗಳಿವೆಯಲ್ಲ, ಅವಕ್ಕೆ ಡ್ರೈವರು ಬೇಕಾ ಅಂತ ಫಾಜಿಲ್‌ನನ್ನು ವಿಚಾರಿಸಲು ಹೇಳು. ಸಿಕ್ಕರೆ ನಿಮ್ಮ ಹತ್ತಿರವೇ ಬಂದು ಇರುತ್ತೇನೆ, ಇಫ್ರಾಳನ್ನೂ ನೋಡಿದ ಹಾಗಾಗುತ್ತದೆ. ಅಮ್ಮಿಗೂ ಕಾಮ್ರಾನ್‌ಗೂ ಈಗಲೇ ಹೇಳಬೇಡ. ಈ ಕೂಗುವ ಕೆಲಸ ನನಗಲ್ಲ ಲುಬ್ನಾ. ನಾನು ಡ್ರೈವರು.

ಅಲ್ಲಾಹ್ ನಿಮ್ಮ ಮನೆಯನ್ನು ತುಂಬಿಟ್ಟಿರಲಿ.

ನಿನ್ನ ಅಬ್ಬಾ,
ಲಾಲ್ ಬಾಷಾ

ಮರೆತಿದ್ದೆ: ಕಾಗದದ ಜೊತೆ ಒಂದು ಚೀಲ ಅವರೆಕಾಯಿ ಕಳಿಸಿದ್ದೇನೆ. ಸೊಗಡಿರುವಾಗಲೇ ಸಾರು ಮಾಡು.


ಶಿಡ್ಲಘಟ್ಟ ಬಸ್‌ಸ್ಟ್ಯಾಂಡ್
19 ಜನವರಿ 2025

ಲುಬ್ನಾ ಬೇಟಿ, ಸಲಾಂ.

ಫಾಜಿಲ್ ವಿಚಾರಿಸಿದ್ದಾನೆ, ಒಂದು ಕಡೆ ಡ್ರೈವರು ಬೇಕಂತೆ ಅಂತ ನೀನು ಬರೆದದ್ದು ಓದಿ ಕಾಗದವನ್ನು ಮಡಚಿ ಬಿಚ್ಚಿ ಎರಡು ಮೂರು ಸಾರಿ ಓದಿದೆ. ಅವನಿಗೆ ನನ್ನ ದುವಾ. ಫೆಬ್ರವರಿ ಮೊದಲ ವಾರಕ್ಕೆ ಬರುತ್ತೇನೆ, ಅಲ್ಲಿಯವರೆಗೆ ಹಿಡಿದಿಟ್ಟುಕೊಳ್ಳಲಿ. ಕಣ್ಣಿನ ಸರ್ಟಿಫಿಕೇಟ್ ಕೇಳುತ್ತಾರೆ ಅಂತ ಬರೆದಿದ್ದೀಯ. ತರೋಣ, ಅದೇನು ದೊಡ್ಡದಲ್ಲ. ಹಗಲಿನಲ್ಲಿ ನನಗೆ ಎಲ್ಲ ಕಾಣುತ್ತದೆ. ಸಂಜೆ ಸ್ವಲ್ಪ ಮಂಕು, ಅದು ಯಾರಿಗೆ ಇಲ್ಲ?

ಇದನ್ನು ಸ್ಟ್ಯಾಂಡಿನಲ್ಲೇ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನದ ಬಸ್ಸು ಹೋಯಿತು, ಮುಂದಿನದಕ್ಕೆ ಇನ್ನೂ ಹೊತ್ತಿದೆ. ಕಾಲು ನೋಯುತ್ತದೆ ಮಗಳೇ. ಇಷ್ಟು ವರ್ಷ ಕೂತೇ ದುಡಿದವನು, ಈಗ ದಿನವಿಡೀ ನಿಂತಿರಬೇಕು. ಯಾವುದಾದರೂ ಬಸ್ಸು ರಭಸವಾಗಿ ಒಳಗೆ ಬಂದರೆ ನನ್ನ ಬಲಗಾಲು ತಾನಾಗಿಯೇ ನೆಲ ಒತ್ತುತ್ತದೆ, ಬ್ರೇಕ್ ಅಲ್ಲೇ ಇದೆ ಅನ್ನುವ ಹಾಗೆ. ಚಪ್ಪಲಿ ಒಂದೇ ಕಡೆ ಸವೆದಿದೆ ಅಂತ ಅಮ್ಮಿ ಬೈದಳು.

ಕೂಗುವುದು ಇನ್ನೂ ಬಂದಿಲ್ಲ. ಮೊದಮೊದಲು "ದಿಬ್ಬೂರಹಳ್ಳಿಗೆ ಹೋಗುವವರು ಬರಬಹುದು" ಅನ್ನುತ್ತಿದ್ದೆ. ಪಕ್ಕದ ಕಂಪನಿಯ ಏಜೆಂಟ್ ನಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಾಷಣ್ಣ, ಬೀಗರನ್ನ ಊಟಕ್ಕೆ ಏಳಿಸ್ತಿದ್ದೀಯಾ? ಬಸ್ಸೇ ಹೋಗ್ಬಿಡುತ್ತೇನೋ ಅನ್ನಂಗೆ ಕೂಗಪ್ಪಾ" ಅಂದ. ಡ್ರೈವರಾಗಿದ್ದಾಗ ಎಲ್ಲರೂ ನನ್ನನ್ನು ಹುಡುಕಿಕೊಂಡು ಬಂದು ಮಾತಾಡಿಸುತ್ತಿದ್ದರು. ಈಗ ನಾನು ಜನರ ಹಿಂದೆ ಹೋಗಿ ಅವರ ಚೀಲ ಹಿಡಿದು ಕರೆಯಬೇಕು. ಕೆಲವರು ಚೀಲ ಕಿತ್ತುಕೊಳ್ಳುತ್ತಾರೆ.

ಮೊನ್ನೆ ಒಂದು ರಾದ್ಧಾಂತವಾಯಿತು. ಅಂಗನವಾಡಿ ಟೀಚರ್ ಶೋಭಾರಾಣಿ ಮೇಡಂ ನೆನಪಿದೆಯಾ, ಯಾವಾಗಲೂ ಓಡಿಕೊಂಡೇ ಬರುವವರು? ಅವರು ಹೋಗುವ ಹೊತ್ತಿಗೆ ಸರ್ಕಾರಿ ಬಸ್ಸಿಲ್ಲ. ನಾನು ಓಡಿಸುವಾಗ ಅವರು ಗೇಟಿನ ಹತ್ತಿರ ಕಂಡರೆ ನಿಲ್ಲಿಸಿಕೊಂಡಿರುತ್ತಿದ್ದೆ, ಟೈಂ ಕೀಪರ್ ಎಷ್ಟು ಊದಿದರೂ. ಮೊನ್ನೆಯೂ ಹಾಗೇ ಸೀಟಿ ಊದದೆ ಕಾದೆ. ಹಿಂದಿನ ಬಸ್ಸಿನವರು ಬಂದು, "ನಮ್ಮ ಟೈಮು ತಿಂತಿದ್ದೀಯ, ಇನ್ನೂ ಡ್ರೈವರು ಅನ್ಕೊಂಡಿದ್ದೀಯಾ?" ಅಂತ ಕಾಲರಿಗೆ ಕೈ ಹಾಕುವಷ್ಟಾಯಿತು. ಊದಿದೆ. ಕಾಮ್ರಾನ್ ಬಸ್ಸು ತೆಗೆದ. ಮೇಡಂ ಅರ್ಧ ದಾರಿಯಲ್ಲಿ ನಿಂತು ನನ್ನನ್ನೇ ನೋಡಿದರು. ಆ ಹಳೇ ಟೈಂ ಕೀಪರುಗಳಿಗೆಲ್ಲ ನಾನು ಎಷ್ಟು ಬೈದಿದ್ದೆ. ಅವರೂ ಹೀಗೆಯೇ ನಿಂತಿದ್ದರೇನೋ.

ಸ್ಟ್ಯಾಂಡಿನ ಬಾಯಿಗೆ ಬೀಗವಿಲ್ಲ. 'ಅಪ್ಪನ್ನ ಇಳಿಸಿ ಮಗ ಹತ್ತಿದ' ಅಂತ ಮಾತಾಡಿಕೊಳ್ಳುತ್ತಾರಂತೆ, ನಲ್ಲಪ್ಪ ಹೇಳಿದ. ಬೇರೆಯವರ ಮಗ ಹತ್ತುವುದಕ್ಕಿಂತ ನನ್ನ ಮಗ ಹತ್ತಿದ್ದು ವಾಸಿ ಕಣಯ್ಯಾ ಅಂದು ಅವನ ಬಾಯಿ ಮುಚ್ಚಿಸಿದೆ.

ಆದರೂ ಕಾಮ್ರಾನ್ ಬಗ್ಗೆ ಒಂದು ದೂರಿದೆ. ದಿಬ್ಬೂರಹಳ್ಳಿ ಕಡೆಯ ಆವಲಪ್ಪ ಸಂತೆಗೆ ಬಂದಿದ್ದವನು, "ಏನ್ ಬಾಷಣ್ಣ, ನಿನ್ ಮಗ ಹುಲ್ಲು ಕಂಡ್ರೆ ಹಾವು ಕಂಡಂಗೆ ಸುತ್ತಾಕ್ಕೊಂಡು ಹೋಗ್ತಾನೆ. ಹುರುಳಿ ಹಾಕಿದ್ವಿ, ಒಂದು ಕಾಳು ಬಿಡಿಸಿಲ್ಲ ಪುಣ್ಯಾತ್ಮ" ಅಂದ. ನನಗೆ ನಾಚಿಕೆಯಾಯಿತು. ಊಟಕ್ಕೆ ಕೂತಾಗ ಹೇಳಿದೆ, ಆ ಜನ ನಮ್ಮನ್ನು ನಂಬಿಕೊಂಡಿದ್ದಾರೆ, ತುಳಿಸಿಕೊಂಡು ಹೋದರೆ ನಿನ್ನ ಗಂಟೇನು ಹೋಗುತ್ತದೆ ಅಂತ.

"ನಂಗೆ ಆಗಲ್ಲ ಅಬ್ಬಾ."

"ಯಾಕೆ ಆಗಲ್ಲ?"

"ಆಗಲ್ಲ ಅಷ್ಟೆ."

ಅರ್ಧ ಊಟದಲ್ಲೇ ಕೈ ತೊಳೆದು ಎದ್ದುಹೋದ. ಅಮ್ಮಿ ನನ್ನ ಮೇಲೆ ರೇಗಿದಳು. ಈಗ ಅವನು ನಾನು ಮಲಗಿದ ಮೇಲೆ ಊಟ ಮಾಡುತ್ತಾನೆ, ನಾನು ಏಳುವುದಕ್ಕೆ ಮುಂಚೆ ಹೊರಟುಬಿಡುತ್ತಾನೆ. ಸ್ಟ್ಯಾಂಡಿಗೆ ಬಂದರೂ ಮುಂದಿನ ಗಾಜನ್ನೇ ನೋಡುತ್ತಾ ಕೂತಿರುತ್ತಾನೆ. ಸ್ಟಿಯರಿಂಗ್ ಸಿಕ್ಕಿದ ಮೇಲೆ ಹುಡುಗನಿಗೆ ಸ್ವಲ್ಪ ಗತ್ತು ಬಂದಿದೆ ಅಂತ ಕಾಣುತ್ತದೆ.

ಬಸ್ಸು ಬಂತು, ಕೂಗಬೇಕು. ಇಫ್ರಾಳನ್ನು ಹುಷಾರಾಗಿ ನೋಡಿಕೊ.

ಅಬ್ಬಾ


ಶಿಡ್ಲಘಟ್ಟ
18 ಫೆಬ್ರವರಿ 2025

ಪ್ರೀತಿಯ ಲುಬ್ನಾ,

ನಿನಗೂ ಫಾಜಿಲ್‌ಗೂ ಸಲಾಂ. ಬರುತ್ತೇನೆ ಬರುತ್ತೇನೆ ಅಂದವನು ಬರಲೂ ಇಲ್ಲ, ಬರೆಯಲೂ ಇಲ್ಲ. ಫಾಜಿಲ್ ಎರಡು ಸಾರಿ ಫೋನ್ ಮಾಡಿದ್ದ, ಎತ್ತಲಿಲ್ಲ. ಹಿರಿಯ ಅಂತ ಅವನು ಏನೂ ಅನ್ನುವುದಿಲ್ಲ, ಆದರೂ ನಾನು ಮಾಡಿದ್ದು ಸರಿಯಲ್ಲ. ಮಾಫಿ ಕೇಳಿದೆ ಅಂತ ಹೇಳು.

ಷಬೇ ಬರಾತ್ ಬಂದು ಹೋಯಿತಲ್ಲ. ರಂಜಾನ್ ಚಂದ್ರ ಕಾಣುವುದರೊಳಗೆ ಮನಸ್ಸಿನಲ್ಲಿ ಯಾರ ಮೇಲೂ ಕಸ ಇಟ್ಟುಕೊಳ್ಳಬಾರದು, 'ಕಹಾ ಸುನಾ ಮಾಫ್', ಅಂದದ್ದು ಆಡಿದ್ದು ಮನ್ನಿಸಿ, ಅಂತ ಹೇಳಿಬಿಡಬೇಕು ಅಂತ ನಮ್ಮ ತಾಯಿ ಹೇಳುತ್ತಿದ್ದಳು. ನಾನು ಎಲ್ಲರಿಗೂ ಹೇಳಿದೆ, ನಲ್ಲಪ್ಪನಿಗೂ ಹೇಳಿದೆ. ಉಳಿದವನು ಬಯ್ಯಪ್ಪ ಒಬ್ಬನೇ. ಅವನು ಸ್ಟ್ಯಾಂಡಿನಲ್ಲಿ ಸಿಕ್ಕಾಗ ಮುಖ ತಿರುಗಿಸುತ್ತಿದ್ದೆ. ರಜೆ ಹಾಕಿ ಮಧ್ಯಾಹ್ನ ಬೇರೆ ಕಂಪನಿಯ ಬಸ್ಸು ಹತ್ತಿ ಅವನ ಮನೆಗೆ ಹೋದೆ. ನಿಜ ಹೇಳಬೇಕೆಂದರೆ ಮಾಫಿ ಒಂದು ನೆಪ. ಯಾಕಪ್ಪಾ ಹಾಗೆ ಮಾಡಿದೆ ಅಂತ ಮುಖ ನೋಡಿ ಕೇಳಬೇಕಿತ್ತು.

ಬಯ್ಯಪ್ಪ ಹಿಪ್ಪುನೇರಳೆ ಸೊಪ್ಪು ತಂದು ಇಳಿಸುತ್ತಿದ್ದ. ನಾನು ಹೇಳಿದ್ದು ಕೇಳಿ ಸೊಪ್ಪಿನ ಹೊರೆ ಹಾಗೇ ಬಿಟ್ಟು ನಿಂತ.

"ನಾನಾ? ನಿಮ್ ಓನರ್ ಹತ್ರಾನಾ? ಆಯಪ್ಪ ಕರ್ರಗವ್ನೋ ಬೆಳ್ಳಗವ್ನೋ ನಂಗ್ ಗೊತ್ತಿಲ್ಲ ಬಾಷಣ್ಣ."

"ಮತ್ತೆ ಅವತ್ತು ಅಷ್ಟು ಬೈದೆ?"

"ಬೈದೆ. ನಮ್ಮವ್ವ ಚಕ್ರದ ಕೆಳಗೆ ಹೋಗೋಳು, ಬೈಯದೆ ಮುತ್ತು ಕೊಡ್ಲಾ? ಬೈದೆ, ಮುಗೀತು. ಬೈಯೋರು ಚಾಡಿ ಹೇಳಲ್ಲ ತಿಳ್ಕೊ."

ಅವನ ಮುಖದಲ್ಲಿ ಸುಳ್ಳಿರಲಿಲ್ಲ. ಅಷ್ಟರಲ್ಲಿ ಗಂಗುಲಮ್ಮ ಒಳಗಿನಿಂದ ತನ್ನ ತೆಲುಗು ಬೆರೆತ ಮಾತಿನಲ್ಲಿ, "ಎವರಪ್ಪಾ ಅದು, ಡ್ರೈವರಪ್ಪನಾ? ಬಾ ನಾಯನಾ, ಬಿಸಿಲಲ್ಲಿ ಯಾಕೆ ಜಗಳ ಆಡ್ತೀರಾ, ನೆರಳಲ್ಲಿ ಬಂದು ಆಡಿ" ಅಂತ ಕರೆದಳು. ಹೋಗಿ ಜಗುಲಿಯ ಮೇಲೆ ಕೂತೆ. ಮಜ್ಜಿಗೆ ಕೊಟ್ಟಳು. ಅವತ್ತು ಹೆದರಿಸಿದ್ದಕ್ಕೆ ಅವಳ ಹತ್ತಿರವೂ ಮಾಫಿ ಕೇಳಿದೆ. "ಪೋನೀಲೇ, ಹೋಗ್ಲಿ ಬಿಡು, ಮೊರ ಹೋಯ್ತು, ಮುದುಕಿ ಉಳೀತು" ಅಂತ ನಕ್ಕಳು. ಬಹಳ ಹೊತ್ತು ಮಾತಾಡಿದಳು.

ವಾಪಸ್ ಬರುವಾಗ ಸಂಜೆಯಾಗಿತ್ತು, ಸಿಕ್ಕಿದ್ದು ಕಾಮ್ರಾನ್ ಬಸ್ಸೇ. ಜನ ತುಂಬಿದ್ದರು, ಹಿಂದಿನ ಬಾಗಿಲಿನಿಂದ ಹತ್ತಿದೆ, ಅವನು ನೋಡಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಜನರ ತಲೆಗಳ ನಡುವಿನಿಂದ ರಸ್ತೆ ನೋಡುತ್ತಾ ಬಂದೆ. ಒಂದು ಕಡೆ ಬಸ್ಸು ಪೂರ್ತಿ ನಿಂತುಬಿಟ್ಟಿತು. ಯಾಕೆ ನಿಲ್ಲಿಸಿದ, ರಸ್ತೆ ಖಾಲಿ ಇದೆಯಲ್ಲ ಅಂದುಕೊಂಡೆ. ಬಸ್ಸಿನ ಪಕ್ಕದಲ್ಲೇ ಲೈಟಿಲ್ಲದ ಒಂದು ಟ್ರ್ಯಾಕ್ಟರ್, ಅದರ ಹಿಂದೆ ಸೊಪ್ಪು ತುಂಬಿದ ಟ್ರೈಲರು ಹಾದು ಹೋಯಿತು. ಟ್ರೈಲರಿನ ಮೇಲೆ ಹೆಂಗಸರು ಕೂತಿದ್ದರು. ಕಿಟಕಿಗೆ ಬಂದ ಮೇಲೆಯೇ ನನಗೆ ಅದು ಕಂಡದ್ದು. ನಾನು ಸೀಟಿನಲ್ಲಿದ್ದಿದ್ದರೆ ನಿಲ್ಲಿಸುತ್ತಿರಲಿಲ್ಲ ಲುಬ್ನಾ. ಖಾಲಿ ರಸ್ತೆ ಅಂತ ಹೋಗುತ್ತಿದ್ದೆ.

ಮಾರನೇ ದಿನ ಯಾರಿಗೂ ಹೇಳದೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಕಣ್ಣು ತೋರಿಸಿದೆ. ಕಣ್ಣಿಗೆ ಏನೋ ಬಿಟ್ಟು ಕೂರಿಸಿದರು, ಆಮೇಲೆ ಲೈಟು ಹಾಕಿ ನೋಡಿದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಿನಗಿಂತ ಸಣ್ಣವಳಿರಬೇಕು. "ಶುಗರ್ ಎಷ್ಟು ವರ್ಷದಿಂದ ಇದೆ ತಾತಾ?" ಅಂದಳು. ಗೊತ್ತಿಲ್ಲಮ್ಮ ಅಂದೆ. ಕಣ್ಣಿನ ಹಿಂದಿನ ಪರದೆಗೆ ಸಕ್ಕರೆ ತಾಗಿದೆಯಂತೆ. ಹೋದದ್ದು ವಾಪಸ್ ಬರುವುದಿಲ್ಲ, ಔಷಧಿ ಇಂಜೆಕ್ಷನ್ ತೆಗೆದುಕೊಂಡರೆ ಇರುವುದನ್ನು ಉಳಿಸಿಕೊಳ್ಳಬಹುದು ಅಂದಳು. ಏನು ಕೆಲಸ ಅಂತ ಕೇಳಿದಳು. ಬಸ್ ಡ್ರೈವರ್ ಅಂತ ಬಾಯಿಗೆ ಬಂತು. ಸ್ಟ್ಯಾಂಡಿನಲ್ಲಿ ಟೈಂ ಕೀಪರ್ ಅಂದೆ. "ಸದ್ಯ" ಅಂದಳು.

ಅದಕ್ಕೇ ಬರೆಯುತ್ತಿದ್ದೇನೆ, ಫ್ಯಾಕ್ಟರಿ ಬಸ್ಸಿನ ಕೆಲಸ ಬೇಡ ಅಂತ ಫಾಜಿಲ್‌ಗೆ ಹೇಳಿಬಿಡು. ಶಿಫ್ಟು ಬಿಡುವುದು ಮಬ್ಬಿನಲ್ಲೇ, ನನಗೆ ಗೊತ್ತಿದ್ದೂ ಕೇಳಿದ್ದೆ. ಅದರಲ್ಲಿ ಹೋಗಿಬರುವವರು ನಿನ್ನ ಅಕ್ಕಪಕ್ಕದ ಮನೆಯ ಹೆಣ್ಣುಮಕ್ಕಳು. ಬೇರೆ ಯಾರನ್ನಾದರೂ ನೋಡಿಕೊಳ್ಳಲಿ. ಅವನ ಮಾತು ಹೋಯಿತು ಅಂತ ಅಲ್ಲಿಯವರು ಏನಾದರೂ ಅಂದರೆ, ಮಾವನಿಗೆ ಹುಷಾರಿಲ್ಲ ಅಂತ ಹೇಳಲಿ. ಸುಳ್ಳಲ್ಲ.

ನಾನು ಸ್ಟ್ಯಾಂಡಿನಲ್ಲೇ ಇರುತ್ತೇನೆ. ಸಾಕಾಗಿದೆ, ಆದರೂ ಇರುತ್ತೇನೆ. ಕೂಗುವುದೂ ಸ್ವಲ್ಪ ಬಂದಿದೆ. ನಿನ್ನೆ ನನ್ನ ದನಿಗೆ ಪಕ್ಕದ ಬಸ್ಸು ಹತ್ತಿದ್ದವರು ಇಳಿದು ಬಂದರು, ನಲ್ಲಪ್ಪನಿಗೆ ಹೊಟ್ಟೆ ಉರಿಯಿತು. ಶೋಭಾರಾಣಿ ಮೇಡಂಗೆ ಹೊರಡುವುದಕ್ಕೆ ಮುಂಚೆ ಫೋನ್ ಮಾಡಿ, ಬಸ್ಸು ಬಂತು ಬನ್ನಿ ಅಂತ ಹೇಳುತ್ತೇನೆ. ಅವರು ಆಗಲೂ ಓಡಿಕೊಂಡೇ ಬರುತ್ತಾರೆ, ಆದರೆ ಸಿಗುತ್ತದೆ.

ಅಮ್ಮಿಗೆ ಶುಗರ್ ವಿಷಯ ಹೇಳಿದೆ. ಅವತ್ತಿನಿಂದ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ. ಈದ್‌ಗೆ ನೀವು ಮೂವರೂ ಬರಬೇಕು. ನಿನ್ನ ಬಾಳು ನೆಟ್ಟಗಿರಲಿ, ಇಫ್ರಾ ನಮಗಿಂತ ಹೆಚ್ಚು ಕಾಣಲಿ, ಹೆಚ್ಚು ಓದಲಿ. ಖುದಾ ಹಾಫಿಜ್.

ಯಾವತ್ತೂ ನಿನ್ನವನೇ,
ಅಬ್ಬಾ

ಲುಬ್ನಾ, ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಗಂಗುಲಮ್ಮ ಬಹಳ ಹೊತ್ತು ಮಾತಾಡಿದಳು ಅಂತ ಬರೆದೆ, ಏನು ಮಾತಾಡಿದಳು ಅಂತ ಬರೆಯಲಿಲ್ಲ. ಅದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಓನರಿಗೆ ಹೇಳಿದವನು ಕಾಮ್ರಾನ್.

ಮಾರನೇ ದಿನವೇ ಅವನು ಹೊಸ ಮೊರ ತೆಗೆದುಕೊಂಡು ಅವರ ಮನೆಗೆ ಹೋಗಿದ್ದನಂತೆ. ನಾನು ಕೂತಿದ್ದ ಅದೇ ಜಗುಲಿಯ ಮೇಲೆ ಕೂತು ಅತ್ತನಂತೆ. "ಅವ್ವಾ, ನೀವು ಯಾರೂ ದೂರು ತಗೊಂಡು ಹೋಗ್ಬೇಡಿ. ನಾನೇ ಓನರ್ ಹತ್ರ ಹೇಳ್ತೀನಿ. ನಮ್ಮಪ್ಪನ ಮಾತು ಬೇರೆಯವರ ಬಾಯಲ್ಲಿ ಬರೋದು ಬೇಡ" ಅಂದನಂತೆ. ನಿಮ್ಮಪ್ಪನಿಗೇ ಹೇಳಪ್ಪಾ ಮೊದಲು ಅಂತ ಗಂಗುಲಮ್ಮ ಬುದ್ಧಿ ಹೇಳಿದ್ದಾಳೆ. ಅದಕ್ಕೆ ಅವನು, "ಅವರಿಗೆ ಹೇಳಕ್ಕೆ ಧೈರ್ಯ ಇಲ್ಲ ಅವ್ವಾ" ಅಂದನಂತೆ.

ಇನ್ನೊಂದು ಹೇಳಿದಳು. ನನ್ನ ಕಣ್ಣು ಹೋಗುತ್ತಿರುವುದು ಅವನಿಗೆ ಯಾವಾಗಲೋ ಗೊತ್ತಿತ್ತಂತೆ. ಸಂಜೆಯಾದರೆ ಅವನು ಟಿಕೆಟ್ ಬೇಗ ಮುಗಿಸಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. "ಅಬ್ಬಾ ಎಡಗಡೆ ಕುರಿ ಮಂದೆ ನೋಡಿ ಎಷ್ಟು ಚೆನ್ನಾಗಿದೆ", "ಅಬ್ಬಾ ಆ ಸೈಕಲ್ಲಿನವನು ಕುಡಿದಿದ್ದಾನೆ ಅನ್ಸುತ್ತೆ" ಅಂತ ದಾರಿಯುದ್ದಕ್ಕೂ ಏನಾದರೂ ಹೇಳುತ್ತಿದ್ದ. ಬಾಯಿ ಮುಚ್ಚಿಕೊಂಡು ನಿಂತುಕೊಳ್ಳೋ, ಹೆಂಗಸರ ಥರ ಹರಟಬೇಡ ಅಂತ ಜನರ ಮುಂದೆ ಎಷ್ಟು ಸಾರಿ ಬೈದಿದ್ದೇನೋ. ಬೈಸಿಕೊಂಡೇ ಹೇಳುತ್ತಿದ್ದ. ನಾನು ಓಡಿಸುತ್ತಿದ್ದೇನೆ ಅಂದುಕೊಂಡಿದ್ದೆ ಮಗಳೇ. ಕಣ್ಣು ಅವನದು.

ಸೀಟು ಹೋದದ್ದಕ್ಕೆ ನನಗೆ ಈಗ ದುಃಖವಿಲ್ಲ. ಒಂದೇ ದಸ್ತರ್‌ಖಾನಿನಲ್ಲಿ ಎದುರೆದುರು ಕೂತು ಉಣ್ಣುವ ಮಗ, ಅಪ್ಪನಿಗೆ ಹೇಳಬೇಕಾದ ಮಾತನ್ನು ಬೇರೆಯವರ ಜಗುಲಿಯಲ್ಲಿ ಹೇಳಿ ಅತ್ತ. ಆ ಹೆಂಗಸಿನ ಹತ್ತಿರ ಆದದ್ದು ನನ್ನ ಹತ್ತಿರ ಆಗಲಿಲ್ಲ. ಊರಿನವರೆಲ್ಲ ಮಕ್ಕಳನ್ನು ನನ್ನ ಬಸ್ಸಿಗೆ ಹತ್ತಿಸಿ ನಿಶ್ಚಿಂತೆಯಾಗಿ ಮನೆಗೆ ಹೋಗುತ್ತಿದ್ದರು. ನನ್ನ ಮಗನಿಗೆ ನನ್ನ ಮೇಲೆ ಅಷ್ಟು ನಂಬಿಕೆ ಬರಲಿಲ್ಲ. ಅವನು ಹೇಳಿದ್ದರೆ ನಾನು ಕೇಳುತ್ತಿದ್ದೆನಾ ಅಂತ ದಿನವೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಕೇಳುತ್ತಿರಲಿಲ್ಲ. ಅವನಿಗೆ ಅದು ಗೊತ್ತಿತ್ತು.

ನೀವಿಬ್ಬರೂ ಫೋನಿನಲ್ಲಿ ಮಾತಾಡಿಕೊಳ್ಳುತ್ತೀರಿ. ನನಗೆ ಗೊತ್ತಾಗಿದೆ ಅಂತ ಅವನಿಗೆ ಹೇಳಬೇಡ. ನಾನೇ ಹೇಳಬೇಕು. ಇವತ್ತು ಬೆಳಿಗ್ಗೆ ಬಸ್ಸು ಬಂದು ನಿಂತಾಗ ಅವನ ಕಿಟಕಿಯ ಹತ್ತಿರ ಹೋದೆ. "ಏನಬ್ಬಾ?" ಅಂದ, ಬಹಳ ದಿನದ ಮೇಲೆ ನನ್ನ ಕಡೆ ತಿರುಗಿ. "ಟೈಮಾಯ್ತು, ತೆಗಿ" ಅಂದೆ. ತೆಗೆದ.

ಅವನು ನನಗೆ ಹೇಳದೆ ಇನ್ನೊಬ್ಬರಿಗೆ ಹೇಳಿದ ಅಂತ ಇಷ್ಟುದ್ದ ಬರೆದೆ. ನಾನೂ ಅವನಿಗೆ ಹೇಳದೆ ನಿನಗೆ ಬರೆಯುತ್ತಿದ್ದೇನೆ.